ಒಂದು ಪೌಂಡ್ ಜೋಳ

1876–78ರ ಬರದ ಬಗ್ಗೆ ಮೊಬೈಲಿನಲ್ಲೇ ನೋಡುವಂಥ ಸಣ್ಣ ಆನ್‌ಲೈನ್ ಮ್ಯೂಸಿಯಂ ಮಾಡುತ್ತಿದ್ದೇವೆ. ಹಿರಿಯರ ಬಾಯಲ್ಲಿ ಅದು ಧಾತು-ಈಶ್ವರದ ಬರ. ಆ ಎರಡು ಸಂವತ್ಸರಗಳ ಹೆಸರೇ ಬರಕ್ಕೂ ಅಂಟಿಕೊಂಡಿತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು 50 ಲಕ್ಷ ಜನರಿದ್ದರು. 1881ರಲ್ಲಿ ಎಣಿಸಿದರೆ 42 ಲಕ್ಷವೂ ಇಲ್ಲ.

ನಮ್ಮೊಳಗೆ ಜಗಳ ಎದ್ದದ್ದು ಮೊದಲ ಪುಟಕ್ಕೆ ಏನು ಹಾಕುವುದು ಎಂದು. ಮದ್ರಾಸ್ ಸೇನೆಯ ಹೂಪರ್ ಎಂಬ ಅಧಿಕಾರಿ ತೆಗೆದ ಫೋಟೊಗಳಿವೆ. ಎಲುಬು ಚಕ್ಕಳವಾದ ಜನರನ್ನು ಸಾಲಾಗಿ ಕೂರಿಸಿ ತೆಗೆದವು. ನಾವು ನೋಡಿದ ಒಂದರಲ್ಲೂ ಯಾರ ಹೆಸರೂ ಇಲ್ಲ. ಹಾಕಿದರೆ ಹತ್ತೇ ನಿಮಿಷಕ್ಕೆ ವಾಟ್ಸಾಪ್‌ನಲ್ಲಿ ಓಡುತ್ತವೆ. ಯಾವ ಬರ, ಯಾರು ತೆಗೆದದ್ದು ಎಂಬುದೆಲ್ಲ ದಾರಿಯಲ್ಲೇ ಉದುರಿಹೋಗುತ್ತದೆ. ನಮ್ಮ ಮುತ್ತಜ್ಜಿಯ ಫೋಟೊ ಆಗಿದ್ದರೆ ಹಾಗೆ ಬಿಡುತ್ತಿದ್ದೆವೇ?

ಕೊನೆಗೆ ಒಂದು ತಟ್ಟೆಯ ಚಿತ್ರ ಹಾಕಿದೆವು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಮದ್ರಾಸ್ ಪ್ರಾಂತ್ಯದ ಬರ ಕಾಮಗಾರಿಯ ಕೂಲಿ ಇಳಿಸಿದ. ದಿನವಿಡೀ ದುಡಿದ ಗಂಡಾಳಿಗೆ ಒಂದು ಪೌಂಡ್ ಧಾನ್ಯದ ಲೆಕ್ಕ, ಮೇಲೆ ಒಂದಾಣೆ. ಹೆಣ್ಣಾಳಿಗೆ ಅದಕ್ಕೂ ಕಡಿಮೆ. ಆಗ ನಮ್ಮ ಬಳ್ಳಾರಿಯೂ ಮದ್ರಾಸಿಗೇ ಸೇರಿತ್ತು. ಅಂಗಡಿಯಲ್ಲಿ 450 ಗ್ರಾಂ ಜೋಳ ತೂಗಿಸಿ, ಗಿರಣಿಗೆ ಹಾಕಿಸಿ, ರೊಟ್ಟಿ ಬಡಿಸಿ ಫೋಟೊ ತೆಗೆದೆವು.

ರೊಟ್ಟಿ ಬಡಿದ ಅಕ್ಕ ತಟ್ಟೆ ನೋಡಿ, "ಇದ್ರಾಗ ಮಕ್ಕಳ ಪಾಲು ಯಾವ್ದು?" ಅಂದರು. ಚಿತ್ರದ ಕೆಳಗೆ ಆ ಮಾತನ್ನೇ ಬರೆದಿದ್ದೇವೆ.

ಹೂಪರನ ಎರಡೇ ಫೋಟೊ ಒಳಗಿನ ಪುಟದಲ್ಲಿವೆ, ತೆಗೆದವನ ಕಥೆಯ ಜೊತೆಗೆ. ನಿಮ್ಮ ಮನೆಯ ಹಿರಿಯರಿಗೆ ಧಾತು-ಈಶ್ವರದ ಮಾತೇನಾದರೂ ನೆನಪಿದ್ದರೆ ರೆಕಾರ್ಡ್ ಮಾಡಿ ಕಳಿಸಿ. ಊರಿನ ಹೆಸರು ಹೇಳಿಸುವುದು ಮರೆಯಬೇಡಿ.