ಸದ್ದಲ್ಲ, ಮಾತು ಕೇಳಬೇಕು

ಅಂಗಡಿಯಲ್ಲಿ ಕೇಳಿದ ಸ್ಪೀಕರು ಮನೆಗೆ ಬಂದ ಮೇಲೆ ಬೇರೆಯೇ ರಾಗ ಹಾಡುತ್ತದೆ. ಸೀರೆಯ ಬಣ್ಣವನ್ನು ಅಂಗಡಿಯ ಹೊರಗೆ ತಂದು ಬಿಸಿಲಿಗೆ ಹಿಡಿದು ನೋಡುವ ನಮ್ಮ ಹೆಣ್ಣುಮಕ್ಕಳ ಜಾಣತನ ಸ್ಪೀಕರು ಕೊಳ್ಳುವವರಿಗೆ ಇನ್ನೂ ಬಂದಿಲ್ಲ. ಅಲ್ಲಿ ಜೋರಾಗಿ ಗುಡುಗಿದ್ದೇ ಒಳ್ಳೆಯದು, ಡಬ್ಬದ ಮೇಲೆ ದೊಡ್ಡ ಅಂಕಿ ಇದ್ದದ್ದೇ ಬಲಶಾಲಿ. ಹೋಂ ಥಿಯೇಟರ್ ಎಂಬ ಹೆಸರು ಸೇರಿಬಿಟ್ಟರಂತೂ ಮನೆಯವರೆಲ್ಲ ಅರ್ಧ ಸೋತಂತೆಯೇ.

ಸೊರಬದ ನಮ್ಮ ಅಕ್ಕನ ಮನೆಯಲ್ಲಿ ಈ ಮಾತು ಎದ್ದದ್ದು ಎರಡು ಕಾರಣಕ್ಕೆ. ಪಿಯುಸಿ ಓದುವ ಅಕ್ಕನ ಮಗನಿಗೆ ಎದೆ ನಡುಗುವಂತಹ ಸದ್ದು ಬೇಕಿತ್ತು. ಭಾವನ ತಾಯಿಗೆ, ಅಂದರೆ ಎಂಬತ್ತು ದಾಟಿದ ಅಜ್ಜಿಗೆ, ಟೀವಿಯ ಮಾತು ಅರ್ಥವಾಗುತ್ತಿರಲಿಲ್ಲ. "ಬರೀ ಗುಜುಗುಜು" ಎಂದು ಹೇಳಿ ಆಕೆ ನಡುಮನೆಗೆ ಬರುವುದನ್ನೇ ಬಿಟ್ಟಿದ್ದರು. ಒಂದು ಮನೆಯಲ್ಲಿ ಎಲ್ಲರೂ ಸೇರುವ ಹೊತ್ತಿನಿಂದ ಹಿರಿಯರೊಬ್ಬರು ಮೆಲ್ಲಗೆ ಹೊರಗುಳಿಯುವುದು ಸಣ್ಣ ಸಂಗತಿಯಲ್ಲ. ಭಾವ ಮೆಕ್ಕೆಜೋಳ ಮಾರಿದ ದುಡ್ಡಿನಲ್ಲಿ ಹತ್ತು ಸಾವಿರ ಎತ್ತಿಟ್ಟು, "ನೀನು ವಿಜ್ಞಾನದ ಮೇಷ್ಟ್ರು, ನೋಡಿ ಹೇಳು. ಇದರ ಮೇಲೆ ಒಂದು ರೂಪಾಯಿಯೂ ಇಲ್ಲ. ಮುಂದಿನ ತಿಂಗಳು ಇವನ ಹಾಸ್ಟೆಲ್ ಫೀಜು ಕಟ್ಟಬೇಕು" ಅಂದರು.

ನಾನಿರುವುದು ಶಿಕಾರಿಪುರದಲ್ಲಿ. ಪರಿಚಯದ ಅಂಗಡಿಯವರೊಬ್ಬರು ಎರಡು ಸೆಟ್ಟುಗಳನ್ನು ಎರಡು ದಿನದ ಮಟ್ಟಿಗೆ ಕೊಟ್ಟರು. ಅಳಿಯನನ್ನು ಕರೆಸಿಕೊಂಡು, "ಇದು ನಿನ್ನ ಫಿಸಿಕ್ಸ್ ಪ್ರಾಕ್ಟಿಕಲ್ ಅಂತ ತಿಳಿ. ನೋಟ್‌ಬುಕ್ ತೆಗಿ" ಅಂದೆ. "ಮಾವ, ಹಾಡು ಕೇಳೋಕೂ ನೋಟ್‌ಬುಕ್ಕಾ?" ಎಂದು ಮುಖ ಸಿಂಡರಿಸಿದ.

ಮೊದಲ ಪಾಠ ಡಬ್ಬದ ಮೇಲೆಯೇ ಇತ್ತು. ದೊಡ್ಡ ಸೆಟ್ಟಿನ ಡಬ್ಬದ ಮುಂಭಾಗದಲ್ಲಿ 5000 ವ್ಯಾಟ್ ಎಂದು ಕೆಂಪಕ್ಷರ, ಪಕ್ಕದಲ್ಲಿ ಪಿಎಂಪಿಒ ಎಂಬ ಸಣ್ಣಕ್ಷರ. ಪೆಟ್ಟಿಗೆಯ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ವಿದ್ಯುತ್ ಬಳಕೆ 60 ವ್ಯಾಟ್. "ಗೋಡೆಯಿಂದ 60 ವ್ಯಾಟ್ ತೆಗೆದುಕೊಂಡು 5000 ವ್ಯಾಟ್ ಕೊಡುವ ಯಂತ್ರ ಇದ್ದರೆ ನಮ್ಮ ಲಿಂಗನಮಕ್ಕಿ ಅಣೆಕಟ್ಟು ಯಾಕೆ ಬೇಕಿತ್ತು?" ಎಂದು ಕೇಳಿದೆ. ಶಕ್ತಿ ನಿತ್ಯತೆಯ ನಿಯಮವನ್ನು ಪರೀಕ್ಷೆಯಲ್ಲಿ ನಾಲ್ಕು ಅಂಕಕ್ಕೆ ಬರೆದಿದ್ದ ಹುಡುಗ ಅಲ್ಲಿ ಮೊದಲ ಸಲ ನಕ್ಕ. ಪಿಎಂಪಿಒ ಎನ್ನುವುದು ಅಳತೆಗೆ ಒಂದು ಗೊತ್ತಾದ ಕ್ರಮವಿಲ್ಲದ, ಜಾಹೀರಾತಿನ ಅಂಕಿ. ನೋಡಬೇಕಾದದ್ದು ಆರ್‌ಎಂಎಸ್ ವ್ಯಾಟ್, ಅಂದರೆ ನಿರಂತರವಾಗಿ ಕೊಡಬಲ್ಲ ಶಕ್ತಿ. ಅದೂ ಎರಡು ಪಟ್ಟಾದರೆ ಸದ್ದು ಎರಡು ಪಟ್ಟಾಗುವುದಿಲ್ಲ, ಬರೀ 3 ಡೆಸಿಬೆಲ್ ಏರುತ್ತದೆ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅದಕ್ಕೆ ಹತ್ತು ಪಟ್ಟು ಶಕ್ತಿ ಬೇಕು. ನಡುಮನೆಯಲ್ಲಿ ಟೀವಿ ನೋಡುವುದಕ್ಕೆ ಕೆಲವೇ ವ್ಯಾಟ್ ಸಾಕು.

ಎರಡನೆಯ ಪಾಠ 5.1 ಎಂಬ ಅಂಕಿಯದು. ಮುಂದೆ ಎಡಕ್ಕೊಂದು, ಬಲಕ್ಕೊಂದು, ನಡುವೆ ಒಂದು, ಹಿಂದೆ ಎರಡು, ಒಟ್ಟು ಐದು. ಚುಕ್ಕೆಯ ಮುಂದಿನ ಒಂದು, ಗುಡುಗಿನಂಥ ತಗ್ಗಿನ ಸ್ವರಕ್ಕೆ ಮೀಸಲಾದ ಸಬ್‌ವೂಫರ್. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರಲ್ಲಿ ಬಂದಾಗ ಮಾತು ಕೇಳುವುದೇ ದೊಡ್ಡ ಬೆರಗು. 1940ರಲ್ಲಿ ವಾಲ್ಟ್ ಡಿಸ್ನಿಯ 'ಫ್ಯಾಂಟೇಸಿಯಾ' ಸಭಾಂಗಣದ ಸುತ್ತಲೂ ಸ್ಪೀಕರಿಟ್ಟು ಸಂಗೀತ ಕೇಳಿಸಿತು. 1992ರ 'ಬ್ಯಾಟ್‌ಮ್ಯಾನ್ ರಿಟರ್ನ್ಸ್' ಜೊತೆಗೆ ಡಾಲ್ಬಿ ಡಿಜಿಟಲ್ ಚಿತ್ರಮಂದಿರಕ್ಕೆ ಬಂತು. ಮನೆಗಳಲ್ಲಿ ಈ ಐದೂವರೆ ಸಂಸಾರ ಹೂಡಿದ್ದು ಅದರ ಅನಂತರವೇ.

ನಮ್ಮ ಸೀಮೆಗೆ ಇದು ಹೊಸದೇನಲ್ಲ. ಡೊಳ್ಳು ಕುಣಿತದ ವೃತ್ತದ ನಡುವೆ ಒಮ್ಮೆ ನಿಂತವರನ್ನು ಕೇಳಿ. ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮದಲ್ಲಿ ಮಳೆಗಾಲದಲ್ಲಿ ಕಣ್ಣು ಮುಚ್ಚಿ ನಿಂತರೆ ಯಾವ ಹಕ್ಕಿ ಯಾವ ದಿಕ್ಕಿನ ಮರದಲ್ಲಿದೆ ಎಂದು ಬೆರಳು ತೋರಿಸಬಹುದು. ಎಡಗಡೆಯ ಸದ್ದು ಎಡಗಿವಿಗೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ಮುಂಚೆ ತಲುಪುತ್ತದೆ. ಮಿದುಳು ಅಷ್ಟನ್ನೂ ಲೆಕ್ಕ ಹಾಕುತ್ತದೆ. ಆದರೆ ತಗ್ಗಿನ ಸ್ವರದ ದಿಕ್ಕು ಹಿಡಿಯುವುದು ಕಷ್ಟ. 80 ಹರ್ಟ್ಸ್ ಸದ್ದಿನ ಅಲೆಯ ಉದ್ದ ನಾಲ್ಕು ಮೀಟರಿಗೂ ಹೆಚ್ಚು. ಅದಕ್ಕೆ ನಮ್ಮ ತಲೆಯ ಅಗಲ ಲೆಕ್ಕಕ್ಕೇ ಇಲ್ಲ. ಹಾಗಾಗಿಯೇ ಐದು ಪುಟ್ಟ ಪೆಟ್ಟಿಗೆಗಳಿಗೆ ಜಾಗ ಮುಖ್ಯ. ಸಬ್‌ವೂಫರ್ ಒಂದೇ ಇದ್ದರೂ ನಡೆಯುತ್ತದೆ.

ದೊಡ್ಡ ಸೆಟ್ಟಿನಲ್ಲಿ ಐದೂ ಪೆಟ್ಟಿಗೆ ಇದ್ದವು. ನಾವು ಮುಂದಿನವುಗಳ ತಂತಿ ಕಿತ್ತು ಹಿಂದಿನ ಎರಡನ್ನೇ ಕೇಳಿದೆವು. ಮುಂದೆ ಬರುತ್ತಿದ್ದ ಮಾತೇ ಅಲ್ಲೂ ಬರುತ್ತಿತ್ತು! ಬೆನ್ನು ನೋಡಿದರೆ ಒಳಹೋಗಲು ಇದ್ದದ್ದು ಕೆಂಪು, ಬಿಳಿ ಎರಡೇ ತೂತು, ಜೊತೆಗೆ ಬ್ಲೂಟೂತ್. ಒಳಗೆ ಹೋಗುವುದೇ ಎರಡು ದಾರಿಯ ಸದ್ದಾದರೆ ಐದು ಪೆಟ್ಟಿಗೆ ಅದನ್ನೇ ಹಂಚಿಕೊಂಡು ಹಾಡುತ್ತವೆ. ಮಾಮೂಲಿ ಬ್ಲೂಟೂತ್ ಕೂಡ ಎರಡನ್ನೇ ಸಾಗಿಸುತ್ತದೆ. ನಿಜವಾದ ಸುತ್ತುಸದ್ದು ಬೇಕಾದರೆ ಎಚ್‌ಡಿಎಂಐ ಎಆರ್‌ಸಿ ಅಥವಾ ಆಪ್ಟಿಕಲ್ ತಂತಿಯ ಜಾಗವಿರಬೇಕು, ಡಾಲ್ಬಿ ಡಿಜಿಟಲ್ ಬಿಡಿಸಬಲ್ಲ ಸಾಮರ್ಥ್ಯವಿರಬೇಕು, ನೋಡುವ ಚಿತ್ರವೂ 5.1ರಲ್ಲಿ ಇರಬೇಕು. ಎರಡನೆಯ ಸೆಟ್ಟು ಚಿಕ್ಕದು. ಹಿಂದಿನ ಪೆಟ್ಟಿಗೆಗಳೇ ಇಲ್ಲ. ಮುಂದೆ ಮೂರು, ಒಂದು ಸಬ್‌ವೂಫರ್. ಎಚ್‌ಡಿಎಂಐ ಇತ್ತು. ನಡುವಿನ ಪೆಟ್ಟಿಗೆಯ ಸದ್ದನ್ನು ಬೇರೆಯಾಗಿ ಏರಿಸುವ ಗುಂಡಿಯೂ ರಿಮೋಟಿನಲ್ಲಿತ್ತು.

ನನ್ನ ಮನೆ ಆರ್‌ಸಿಸಿ. ನುಣುಪು ಟೈಲ್ಸಿನ ನೆಲ, ಬೋಳು ಗೋಡೆ. ಚಪ್ಪಾಳೆ ತಟ್ಟಿದರೆ ಗುಂಯ್ ಅನ್ನುತ್ತದೆ. ಇಲ್ಲಿ ಎರಡೂ ಸೆಟ್ಟು ಒಂದೇ ರೀತಿ ಗದ್ದಲ ಮಾಡಿದವು. ಮರುದಿನ ಶಿರಾಳಕೊಪ್ಪದ ಮೇಲೆ ಹೋಗಿ ಸೊರಬದಲ್ಲಿ ಜೋಡಿಸಿದೆವು. ಹೆಂಚಿನ ಮಾಡು, ಜಮಖಾನ, ಪರದೆ, ಗೋಡೆಗೆ ಒತ್ತಿದ ಭತ್ತದ ಚೀಲಗಳು. ಅದೇ ಪೆಟ್ಟಿಗೆಗಳು ಇಲ್ಲಿ ಸಭ್ಯರಾದವು. ಚೀಲ, ಬಟ್ಟೆಗಳು ಸದ್ದನ್ನು ಹೀರುತ್ತವೆ, ಬೋಳು ಗೋಡೆ ಅದನ್ನು ಎಸೆಯುತ್ತದೆ. ಸಬ್‌ವೂಫರನ್ನು ಮೂಲೆಗೆ ತಳ್ಳಿದಾಗ ಅಡುಗೆಮನೆಯ ಸ್ಟೀಲು ತಟ್ಟೆಗಳೆಲ್ಲ ತಾಳ ಹಾಕಿದವು. ಮೂಲೆಯಲ್ಲಿ ತಗ್ಗಿನ ಸ್ವರ ಉಬ್ಬುತ್ತದೆ. ಒಂದೂವರೆ ಅಡಿ ಈಚೆ ಎಳೆದ ಮೇಲೆ ತಟ್ಟೆಗಳು ಸುಮ್ಮನಾದವು.

ಇನ್ನು ಮುಖ್ಯ ಪರೀಕ್ಷೆ. ಎರಡು ಸದ್ದಿನಲ್ಲಿ ಸ್ವಲ್ಪ ಜೋರಾದದ್ದೇ ಚೆನ್ನ ಎಂದು ಕಿವಿ ಮೋಸ ಹೋಗುತ್ತದೆ. ಅಂಗಡಿಯಲ್ಲಿ ನಡೆಯುವುದೂ ಇದೇ. ಅದಕ್ಕೆ ಮೊಬೈಲಿನ ಡೆಸಿಬೆಲ್ ಅಳೆಯುವ ಆಪ್ ಇಟ್ಟು ಎರಡನ್ನೂ ಒಂದೇ ಮಟ್ಟಕ್ಕೆ ತಂದೆವು. ಯಾವುದು ಯಾವುದೆಂದು ತಿಳಿಯದಂತೆ ತೆಳು ಪಂಚೆ ಮುಚ್ಚಿದೆವು. ಅಜ್ಜಿ ತಮ್ಮ ಮಾಮೂಲು ಜಾಗದಲ್ಲಿ, ಬಾಗಿಲ ಬಳಿಯ ಕಂಬಕ್ಕೆ ಒರಗಿ ಕೂತರು. ರೆಕಾರ್ಡು ಮಾಡಿಟ್ಟ ವಾರ್ತೆಯ ಇಪ್ಪತ್ತು ವಾಕ್ಯ ಒಂದು ಸೆಟ್ಟಿನಲ್ಲಿ, ಬೇರೆ ಇಪ್ಪತ್ತು ಇನ್ನೊಂದರಲ್ಲಿ. ಕೇಳಿದ್ದನ್ನು ಆಕೆ ತಿರುಗಿ ಹೇಳಬೇಕು, ಮೊಮ್ಮಗ ಬರೆದುಕೊಳ್ಳಬೇಕು.

ದೊಡ್ಡ ಸೆಟ್ಟಿನಲ್ಲಿ 'ರೈತರಿಗೆ ಸಾಲ ವಿತರಣೆ' ಎಂದದ್ದಕ್ಕೆ ಅಜ್ಜಿ, "ರೈತರಿಗೆ ಹಾಲು ಕೊಡ್ತಾರಂತೆ. ನಮ್ಮ ಮನೇಲೇ ಎಮ್ಮೆ ಇದ್ಯಲ್ಲೋ" ಅಂದರು. ಎಲ್ಲರೂ ನಕ್ಕೆವು, ಆಕೆಯೂ ನಕ್ಕರು. ಆದರೆ ಮೊಮ್ಮಗ ನಗಲಿಲ್ಲ, ಬರೆದುಕೊಂಡ. ಸ, ಶ ಮೊದಲಾದ ಅಕ್ಷರಗಳ ಜೀವ ಇರುವುದು ಏರಿದ ಸ್ವರದಲ್ಲಿ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಅದನ್ನೇ. ಮೇಲೆ ಸಬ್‌ವೂಫರಿನ ಗುಡುಗು ಕವಿದರೆ ಉಳಿದದ್ದೂ ಮುಳುಗುತ್ತದೆ. ದೊಡ್ಡ ಸೆಟ್ಟಿಗೆ ಇಪ್ಪತ್ತಕ್ಕೆ ಹನ್ನೊಂದು ಬಂತು, ಚಿಕ್ಕದಕ್ಕೆ ಹದಿನೇಳು.

ಕಾರಣ ಅಳಿಯನೇ ಹುಡುಕಿದ. ಎಡ ಬಲಗಳೆರಡೂ ಒಂದೇ ಮಾತಾಡಿದಾಗ ಸರಿ ನಡುವೆ ಕೂತವರಿಗೆ ಮಾತ್ರ ಅದು ಟೀವಿಯೊಳಗಿಂದ ಬಂದಂತೆ ಕೇಳುತ್ತದೆ. ಕಂಬದ ಬಳಿ ಕೂತವರಿಗೆ ಹತ್ತಿರದ ಪೆಟ್ಟಿಗೆಯೊಂದೇ ಕೇಳುತ್ತದೆ. ಚಿಕ್ಕ ಸೆಟ್ಟಿನಲ್ಲಿ ಮಾತಿಗೆಂದೇ ನಡುವೆ ಒಂದು ಪೆಟ್ಟಿಗೆ ಇತ್ತು. ನಡುವಿನ ಜಾಗ ಅಳಿಯನದು, ಕಂಬದ ಜಾಗ ಅಜ್ಜಿಯದು. ಅವನಿಗೆ ಚೆನ್ನಾಗಿ ಕೇಳುತ್ತಿದ್ದದ್ದು ಆಕೆಗೆ ಯಾಕೆ ಕೇಳುತ್ತಿರಲಿಲ್ಲ ಎಂಬುದು ಆ ಹೊತ್ತು ಅವನಿಗೆ ಹೊಳೆಯಿತು. "ಚಿಕ್ಕದೇ ಇರಲಿ ಮಾವ" ಅಂದ. ಸ್ವರ ಸ್ವಲ್ಪ ಸಣ್ಣಗಿತ್ತು, ನಿಜ. ಹದಿನೇಳರ ಹುಡುಗನಿಗೆ ಗುಡುಗು ಬಿಟ್ಟುಕೊಡುವುದು ಸುಲಭವಲ್ಲ.

ಏಳು ಸಾವಿರದ ಎಂಟುನೂರಕ್ಕೆ ಚಿಕ್ಕದು ಉಳಿಯಿತು. ಮಿಕ್ಕ ದುಡ್ಡು ಹಾಸ್ಟೆಲ್ ಫೀಜಿನ ಲಕೋಟೆ ಸೇರಿತು.

ಮಕ್ಕಳು ಕೇಳಿದಾಗ ತಂದೆತಾಯಿಗಳು "ಬೇಡ" ಎಂದೋ "ತಗೊ" ಎಂದೋ ಒಂದೇ ಮಾತಿನಲ್ಲಿ ಮುಗಿಸುವ ಬದಲು, "ಪರೀಕ್ಷೆ ಮಾಡಿ ತೋರಿಸು" ಅನ್ನಬಹುದು. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಹಾಡು, ಒಂದು ವಾರ್ತೆ ಮೊಬೈಲಿನಲ್ಲಿ ಒಯ್ಯಿರಿ. ಸದ್ದು ಸಮ ಮಾಡಿ ಕೇಳಿ. ಹಿಂದಿನ ಚೀಟಿ ಓದಿ. ಮನೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ ಎಂದು ನೆನಪಿಡಿ. ರಾತ್ರಿ ಹತ್ತರ ಮೇಲೆ ನೆರೆಯವರ ನಿದ್ದೆಯೂ ಲೆಕ್ಕಕ್ಕಿರಲಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದು 45.

ಅಜ್ಜಿ ಈಗ ವಾರ್ತೆಗೆ ತಪ್ಪದೆ ಬರುತ್ತಾರೆ. ಸಾಲದ ಸುದ್ದಿ ಬಂದರೆ ಬಡ್ಡಿ ಎಷ್ಟಂತೆ ಎಂದು ಭಾವನನ್ನು ಕೇಳುತ್ತಾರೆ. ಭಾವನಿಗೆ ಅದೊಂದು ಹೊಸ ತಲೆನೋವು.