ಮೊದಲು ಕಿವಿಗೊಡುವ ಪೆಟ್ಟಿಗೆ

ನಮ್ಮದು ಮಲೆನಾಡಿನ ಹಳೆಯ ಮನೆ. ಒಂದೂವರೆ ಮೊಳ ದಪ್ಪದ ಮಣ್ಣಿನ ಗೋಡೆಗಳು. ಜಗಲಿಯಲ್ಲಾಡಿದ ಮಾತು ಒಳಕೋಣೆಗೆ ಕೇಳಿಸದು. ಮೊಬೈಲ್ ಗೋಪುರದ ಅಲೆಗಳೂ ನಮ್ಮ ಕಣಿವೆಗೆ ಇಳಿಯವು. ಇಂತಹ ಮನೆಗೆ ಕಳೆದ ವರ್ಷ ವೈಫೈ ಬಂದಿತು. ಗಾಜಿನ ಎಳೆಯ ತಂತಿಯೊಂದು ಜಗಲಿಯವರೆಗೆ ಬಂದು, ರೌಟರ್ ಎಂಬ ಪುಟ್ಟ ಪೆಟ್ಟಿಗೆಯನ್ನು ಸೇರುವುದು. ಅಲ್ಲಿಂದ ಮುಂದೆ ಗಣಕಯಂತ್ರಕ್ಕೂ ಫೋನುಗಳಿಗೂ ಸುದ್ದಿಯನ್ನು ಒಯ್ಯುವುವು ರೇಡಿಯೋ ಅಲೆಗಳು. ಪೆಟ್ಟಿಗೆಗೆ ಧೂಳು ತಾಗದಿರಲೆಂದು ನಾನು ಅದನ್ನು ಕಬ್ಬಿಣದ ಬೀರುವಿನೊಳಗಿಟ್ಟು, ತಂತಿಗೆ ಮಾತ್ರ ಸಂದು ಬಿಟ್ಟು, ಬಾಗಿಲನ್ನು ಮುಚ್ಚಿದೆನು.

ತಮ್ಮನ ಮಗಳು ಪುಣೆಯಿಂದ ಭಾನುವಾರ ಅಜ್ಜಿಯೊಡನೆ ಮುಖ ನೋಡಿ ಮಾತನಾಡುವಳು. ಒಳಕೋಣೆಯ ಮಂಚವನ್ನು ಬಿಟ್ಟೇಳಲಾರದ ಅಮ್ಮನಿಗೆ ವಾರವೆಲ್ಲ ಅದೇ ಧ್ಯಾನ. ಆದರೆ ಮೂರು ಭಾನುವಾರ ಮೊಮ್ಮಗಳ ಮುಖ ಮಸುಕಾಗಿ ನಿಂತಿತು, ಮಾತು ತುಂಡುತುಂಡಾಯಿತು. “ಏನನ್ನೋ ಒತ್ತಿಬಿಟ್ಟಿರುವೆ, ಅಮ್ಮ. ನಿನ್ನ ಕೈಗೆ ಫೋನು ಕೊಡಲೇಬಾರದು” ಎಂದು ಗದರಿದೆನು. ಅಮ್ಮ ಉತ್ತರ ಕೊಡಲಿಲ್ಲ. ನಾಲ್ಕನೆಯ ಭಾನುವಾರ ಫೋನೇ ಬೇಡವೆಂದಳು.

ನೆರೆಮನೆಯ ಹುಡುಗನು ಬಂದು ನೋಡಿ ನಕ್ಕನು. “ಮಾವ, ಇದನ್ನು ಸೆರೆಯಲ್ಲಿಟ್ಟವರಾರು?” ಕಬ್ಬಿಣವು ಅಲೆಯನ್ನು ಹಿಂದಕ್ಕಟ್ಟುವುದು, ತೇವದ ಮಣ್ಣುಗೋಡೆ ಅದನ್ನು ಹೀರುವುದು ಎಂದು ವಿವರಿಸಿದನು. ವೈಫೈಗೆ ಹೆಚ್ಚಾಗಿ ಬಳಸುವುದು 2.4 ಮತ್ತು 5 ಗಿಗಾಹರ್ಟ್ಸ್ ಅಲೆಗಳನ್ನು. ಮೊದಲನೆಯದರ ಉದ್ದ ಸುಮಾರು 12 ಸೆಂಟಿಮೀಟರ್, ಎರಡನೆಯದು ಅದರ ಅರ್ಧ. ಎರಡನೆಯದು ಹೆಚ್ಚು ವೇಗದ್ದು. ಗೋಡೆ ದಾಟುವುದರಲ್ಲಿ ಮೊದಲನೆಯದೇ ಮೇಲು. ಪೆಟ್ಟಿಗೆಯನ್ನು ನಡುಮನೆಯ ಎತ್ತರದ ಗೂಡಿಗೆ ಏರಿಸಿ, ಅಮ್ಮನ ಫೋನನ್ನು ಮೊದಲನೆಯದಕ್ಕೆ ಜೋಡಿಸಿದೆವು.

ಮನೆಯ ಉಪಕರಣಗಳೆಲ್ಲ ಒಂದೇ ಹಾದಿಯಲ್ಲಿ ಮಾತನಾಡಿದರೆ ಗದ್ದಲವಾಗದೆ? ಎಂದು ಕೇಳಿದೆನು. 1971ರಲ್ಲಿ ಹವಾಯಿ ವಿಶ್ವವಿದ್ಯಾನಿಲಯದ ನಾರ್ಮನ್ ಅಬ್ರಾಮ್ಸನ್ನರೂ ಸಂಗಡಿಗರೂ ದ್ವೀಪಗಳ ನಡುವೆ ಗಣಕಯಂತ್ರವನ್ನು ರೇಡಿಯೋ ಮೂಲಕ ಬೆಸೆದಾಗ, ಯಾರು ಯಾವಾಗ ಬೇಕಾದರೂ ಕಳುಹಿಸಬಹುದಾಗಿತ್ತು. ಸಂದೇಶಗಳು ಡಿಕ್ಕಿಯಾದರೆ ಮತ್ತೆ ಕಳುಹಿಸುತ್ತಿದ್ದರು. 1997ರಲ್ಲಿ ಹೊರಬಿದ್ದ 802.11 ಎಂಬ ನಿಯಮಾವಳಿ ಸಭ್ಯತೆಯನ್ನು ಕಲಿಸಿತು: ಮೊದಲು ಕಿವಿಗೊಡು, ಇನ್ನೊಬ್ಬರು ಮಾತನಾಡುತ್ತಿದ್ದರೆ ತಡೆ, ಮೌನವಾದ ಮೇಲೂ ಕ್ಷಣ ತಾಳಿ, ಬಳಿಕ ಮಾತನಾಡು.

ಅಂಗೈಯಗಲದ ಪೆಟ್ಟಿಗೆಗೆ ತಿಳಿದಿದ್ದುದು ನನಗೆ ತಿಳಿಯದೆ ಹೋಯಿತಲ್ಲಾ ಎಂದು ನಾಚಿದೆನು. ಆ ಭಾನುವಾರ ಅಮ್ಮನ ಬಳಿ ಕುಳಿತು, “ತಪ್ಪು ನನ್ನದಮ್ಮ” ಎಂದೆನು.

“ಅದಿರಲಿ, ಮಗು ಕಾಣಿಸುತ್ತಾಳೆಯೇ ನೋಡು” ಎಂದಳು.

ಕಾಣಿಸಿದಳು, ಮುರಿದ ಮುಂದಿನ ಹಲ್ಲಿನ ಸಮೇತ.