ಹದ ಬರೋ ತನಕ

ಮೊನ್ನೆ ಗೆಳೆಯನೊಬ್ಬ ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದ್ದ. ಸೂಟು ಬೂಟು ಹಾಕಿಕೊಂಡ ಮಹಾಶಯನೊಬ್ಬ "ನಿಮ್ಮ ಒಳಮನಸ್ಸಿನ ಮಾತು ಕೇಳಿ, ಯಾವುದನ್ನೂ ಬಲವಂತ ಮಾಡಬೇಡಿ, ಕಾಲ ಬಂದಾಗ ಎಲ್ಲ ಆಗುತ್ತೆ" ಅಂತ ಕೈ ತಿರುವಿ ತಿರುವಿ ಹೇಳುತ್ತಿದ್ದ. ನನಗೆ ಯಾಕೋ ನಗು ಬಂತು. ಒಳಮನಸ್ಸಿನ ಮಾತು ಕೇಳಿಯೇ ನಾಲ್ಕು ಎಕರೆ ಕಡಲೆ ಹಾಳು ಮಾಡಿದ ಮನುಷ್ಯ ನಾನು!

ನಮ್ಮದು ನವಲಗುಂದ ತಾಲ್ಲೂಕಿನ ಒಂದು ಹಳ್ಳಿ. ನಾನು ಓದಿದ್ದು ಹುಬ್ಬಳ್ಳಿಯ ಬಿವಿಬಿಯಲ್ಲಿ (ಸರ್ಟಿಫಿಕೇಟಿನ ಮೇಲೆ ಕೆಎಲ್ಇ ಟೆಕ್ ಅಂತಿದ್ದರೂ ಬಾಯಲ್ಲಿ ಬರೋದು ಬಿವಿಬಿನೇ). ಕೆಲಸ ಬೆಂಗಳೂರಿನ ಕಂಪನಿಯದು, ಕೂತು ಮಾಡೋದು ಹುಬ್ಬಳ್ಳಿಯ ಬಾಡಿಗೆ ಮನೆಯಲ್ಲಿ. ಹೊಲ ಅಪ್ಪನದು. ನನಗೂ ಹೊಲಕ್ಕೂ ಇದ್ದ ಸಂಬಂಧ ಅಂದರೆ ಸೀತನಿ ಕಾಲಕ್ಕೆ ಹೋಗಿ ತಿಂದು ಬರೋದು, ಅಷ್ಟೇ.

ಎರೆ ಭೂಮಿ ನೋಡದವರಿಗೆ ಒಂದು ಮಾತು ಹೇಳಬೇಕು. ಈ ಕಪ್ಪು ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಇಳಿಯುವಷ್ಟು ಬಿರಿಯುತ್ತದೆ. ಮಳೆಯಾದ ಮರುದಿನ ಹೊಲಕ್ಕೆ ಕಾಲಿಟ್ಟರೆ ಚಪ್ಪಲಿ ಅಲ್ಲೇ, ನೀವು ಮುಂದೆ. ಆದರೆ ಒಮ್ಮೆ ಕುಡಿದ ನೀರನ್ನು ಬಹಳ ದಿನ ಹಿಡಿದಿಟ್ಟುಕೊಳ್ಳುತ್ತದೆ. ಹಿಂಗಾರಿ ಜೋಳ, ಕಡಲೆ, ಕುಸುಬೆ ಎಲ್ಲ ಬೆಳೆಯೋದು ಆ ಒಳಗಿನ ತೇವದ ಮೇಲೆ, ಮೇಲೊಂದಿಷ್ಟು ಇಬ್ಬನಿ. ಹಾಗಾಗಿ ಬಿತ್ತುವ ದಿನವೇ ಎಲ್ಲ. ತೀರಾ ಹಸಿ ಇದ್ದಾಗ ಬಿತ್ತುವಂತಿಲ್ಲ, ತೀರಾ ಒಣಗಿದ ಮೇಲೆ ಬಿತ್ತಿ ಉಪಯೋಗವಿಲ್ಲ. ನಡುವೆ ಸಿಗುವ ಕೆಲವೇ ದಿನಗಳಿಗೆ ನಮ್ಮ ಕಡೆ 'ಹದ' ಅನ್ನುತ್ತಾರೆ. ನಮ್ಮಜ್ಜ ಒಂದು ಹಿಡಿ ಮಣ್ಣು ತಗೊಂಡು ಉಂಡೆ ಕಟ್ಟಿ ಕೈ ಬಿಡುತ್ತಿದ್ದ. ಬಿದ್ದ ಉಂಡೆ ಹಾಗೇ ಕೂತರೆ ಇನ್ನೂ ಹಸಿ. ಉಂಡೆಯೇ ಕಟ್ಟದಿದ್ದರೆ ಹದ ಹೋಯಿತು. ಕಟ್ಟಿದ್ದು ಬಿದ್ದು ಒಡೆದರೆ ಕೂರಿಗೆ ಹೂಡಬಹುದು.

2022ರ ಅಕ್ಟೋಬರ್. ಹೆಸರು ತೆಗೆದ ಹೊಲಕ್ಕೆ ಕಡಲೆ ಬಿತ್ತಬೇಕಿತ್ತು. ಅಪ್ಪ ದನದ ಮನೆಯಲ್ಲಿ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಹೊರಸಿನ ಮೇಲಿದ್ದ. ನಾನು ನಾಲ್ಕು ದಿನ ರಜೆ ಹಾಕಿ ಹೋದೆ. ಮಳೆ ಜೋರಾಗಿತ್ತು. ಹೊಲ ಮೇಲೆ ಮಾತ್ರ ಆರಿದಂತೆ ಕಾಣುತ್ತಿತ್ತು.

"ಇನ್ನೂ ಹದ ಬಂದಿಲ್ಲಪಾ. ಮೂರ್ನಾಲ್ಕು ದಿನ ತಡಿ" ಅಂದ ಅಪ್ಪ.

"ಮತ್ತ ಮಳಿ ಬಂದ್ರ? ಫೋನ್‌ನ್ಯಾಗ ಮಳಿ ತೋರಸಾಕತ್ತೈತಿ."

"ಬಂದ್ರ ಬರವಲ್ದ್ಯಾಕ. ಬಂದಾಗ ನೋಡೂಣು."

"ಇಲ್ಲಪಾ, ನನಗ್ಯಾಕೋ ಇವತ್ತ ಬಿತ್ತಬೇಕು ಅಂತ ಒಳಗ ಅನಸಾಕತ್ತೈತಿ."

ನಿಜವಾಗಿಯೂ ಅನ್ನಿಸಿತ್ತು, ಸುಳ್ಳಲ್ಲ. ಎದೆಯಲ್ಲಿ ಒಂದು ತಳಮಳ, ಏನೋ ತಪ್ಪಿಹೋಗುತ್ತದೆ ಅನ್ನುವ ಹಾಗೆ. ಸೋಮವಾರ ರಿಲೀಸ್ ಮೀಟಿಂಗ್ ಇತ್ತು. ಆ ಮೀಟಿಂಗೇ ನನ್ನೊಳಗೆ ಕೂತು ಹೊಲದ ದನಿಯಲ್ಲಿ ಮಾತಾಡುತ್ತಿತ್ತು ಅಂತ ತಿಳಿಯಲು ನನಗೆ ಬಹಳ ದಿನ ಬೇಕಾಯಿತು.

ಟ್ರ್ಯಾಕ್ಟರಿನವನೂ ಬೇಡ ಅಂದ, ನಾನು ಕೇಳಲಿಲ್ಲ. ಕೂರಿಗೆಗೆ ಮಣ್ಣು ಮೆತ್ತಿ ಮೆತ್ತಿ ಹತ್ತು ಮಾರಿಗೊಮ್ಮೆ ಇಳಿದು ಕೆರೆಯಬೇಕಾಯಿತು. ಒಂದು ಕ್ವಿಂಟಲ್ ಜೆಜಿ-11 ಬೀಜ ಮಣ್ಣಿಗೆ ಹೋಯಿತು. ಫೋನು ತೋರಿಸಿದ ಮಳೆ ಬರಲೇ ಇಲ್ಲ. ಬಿಸಿಲು ಬಿತ್ತು. ಚಕ್ರ ತುಳಿದ ಹಸಿ ಮಣ್ಣು ಹೆಂಚಿನ ಹಾಗೆ ಗಟ್ಟಿಯಾಯಿತು. ಹನ್ನೊಂದನೇ ದಿನ ಕಾಕಾ ಫೋನ್ ಮಾಡಿ "ಅಲ್ಲೊಂದು ಇಲ್ಲೊಂದು ಮೊಳಕಿ ಅದಾವ" ಅಂದ. ಹೋಗಿ ಕೆದರಿ ನೋಡಿದರೆ ಅರ್ಧ ಕೊಳೆತಿದ್ದವು. ಉಳಿದವು ಮೊಳೆತು, ಮೇಲೆ ಬರಲು ದಾರಿ ಸಿಗದೆ ಒಳಗೇ ಸುರುಳಿ ಸುತ್ತಿಕೊಂಡಿದ್ದವು. ಆ ಸುರುಳಿಗಳನ್ನು ನೋಡಬಾರದಿತ್ತು.

ಅಪ್ಪ ಬೈಯಲಿಲ್ಲ. "ಬೀಜಕ್ಕೂ ಉಸುರು ಬೇಕಪಾ" ಅಂದ, ಅಷ್ಟೇ. ಕಾಕಾನೇ ನಿಂತು ಮತ್ತೆ ಬಿತ್ತಿಸಿದ, ತಡವಾಗಿದ್ದಕ್ಕೆ ಇಳುವರಿಯೂ ಕಡಿಮೆಯಾಯಿತು. ದುಡ್ಡಿನ ಲೆಕ್ಕ ಹೇಗೋ ಮುಗಿಯಿತು. ಆದರೆ ಅಂದಿನಿಂದ ಅಪ್ಪ ಫೋನಿನಲ್ಲಿ ಹೊಲದ ಸುದ್ದಿ ಎತ್ತುವುದನ್ನೇ ಬಿಟ್ಟ. "ಊಟ ಆತೇನು? ಹುಷಾರದಿ?" ಮುಗೀತು. ನಾನೇ ಕೇಳಿದರೂ "ಹ್ಞೂಂ, ನಡದೈತಿ" ಅಂತ ತೇಲಿಸುತ್ತಿದ್ದ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಹಾಗಾದರೆ ಒಳಗೆ ಅನ್ನಿಸುವುದನ್ನು ನಂಬಲೇಬಾರದೇ? ಹಾಗೂ ಹೇಳಲಾರೆ. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಕಥೆ ಭೀಮಸೇನ ಜೋಶಿಯವರದು. ಅಬ್ದುಲ್ ಕರೀಮ್ ಖಾನರ ರೆಕಾರ್ಡು ಕೇಳಿ ಹುಚ್ಚು ಹಿಡಿದ ಹನ್ನೊಂದರ ಹುಡುಗ, 1933ರಲ್ಲಿ ಗದಗಿನ ಮನೆ ಬಿಟ್ಟು ಓಡಿಹೋಗುತ್ತಾನೆ. ಗುರುವನ್ನು ಹುಡುಕುತ್ತ ಗ್ವಾಲಿಯರ್, ಅಲ್ಲಿ ಇಲ್ಲಿ ಅಲೆದು ಜಲಂಧರದವರೆಗೆ. ಅಲ್ಲಿ ವಿನಾಯಕರಾವ್ ಪಟವರ್ಧನರು, ಅಷ್ಟು ದೂರ ಯಾಕೆ, ನಿಮ್ಮ ಊರ ಹತ್ತಿರವೇ ಸವಾಯಿ ಗಂಧರ್ವರಿದ್ದಾರಲ್ಲ ಅಂದರಂತೆ. 1936ರ ಹೊತ್ತಿಗೆ ಹುಡುಗ ಕುಂದಗೋಳದಲ್ಲಿದ್ದ. ಕುಂದಗೋಳ ಅಂದರೆ ಹುಬ್ಬಳ್ಳಿಯಿಂದ ಬೈಕಿನಲ್ಲಿ ಅರ್ಧ ತಾಸಿನ ದಾರಿ! ಮಜಾ ಅಂದರೆ ಸವಾಯಿ ಗಂಧರ್ವರು ಅದೇ ಅಬ್ದುಲ್ ಕರೀಮ್ ಖಾನರ ಶಿಷ್ಯರು. ಹುಡುಗನ ಕಿವಿ ಮೊದಲ ದಿನವೇ ಸರಿಯಾದದ್ದನ್ನೇ ಹಿಡಿದಿತ್ತು, ಕಾಲುಗಳಿಗೆ ತಿಳಿಯಲು ಮೂರು ವರ್ಷ ಬೇಕಾಯಿತು. ಆ ಅಲೆದಾಟ ದಂಡವಾಯಿತು ಅಂತಲೂ ನನಗೆ ಅನ್ನಿಸುವುದಿಲ್ಲ. ಎರಡು ದಿನ ತಲೆ ಚಚ್ಚಿಕೊಂಡರೂ ಸಿಗದ ಬಗ್ ಒಂದು, ದುರ್ಗದಬೈಲಿನಲ್ಲಿ ಗಿರ್ಮಿಟ್ ತಿನ್ನುವಾಗ ತಟ್ಟನೆ ಹೊಳೆಯುತ್ತದೆ. ಆ ಎರಡು ದಿನ ಕೋಡ್ ಓದದೆ ಬರೀ ಗಿರ್ಮಿಟ್ ತಿಂದಿದ್ದರೆ? ಹೊಟ್ಟೆ ತುಂಬುತ್ತಿತ್ತು ಅಷ್ಟೇ :)

ಕಿವಿ ತುಂಬ ಹಾಡು ಕೇಳಿದವನಿಗೆ ಹೊಳೆಯುವುದು ಬೇರೆ, ಕೈಯಲ್ಲಿ ಮಣ್ಣೇ ಹಿಡಿಯದವನಿಗೆ ಅನ್ನಿಸುವುದು ಬೇರೆ. ನನ್ನದು ಎರಡನೆಯದು.

ಹಾಗಾಗಿ ನಾನು ಮಾಡಿದ್ದು ಇಷ್ಟು. ಪ್ರತಿ ವರ್ಷ ಹಸ್ತಿ ಮಳೆಯ ಹೊತ್ತಿಗೆ ಶನಿವಾರ ರವಿವಾರ ಊರಿಗೆ ಹೋಗಿ ಸುಮ್ಮನೆ ಅಪ್ಪನ ಹಿಂದೆ ಹೊಲದಲ್ಲಿ ತಿರುಗೋದು. ಅವನು ಮಣ್ಣು ಎತ್ತಿದರೆ ನಾನೂ ಎತ್ತೋದು. 2023ರಲ್ಲಿ ಆಡಲು ಮಾತೇ ಇರಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದ ವರ್ಷ ಅದು. ಮಣ್ಣು ಬೆರಳ ಸಂದಿಯಲ್ಲಿ ಉದುರುತ್ತಿತ್ತು, ಕಾದದ್ದೇ ಬಂತು. ಕಾದರೆ ಎಲ್ಲ ಸಿಗುತ್ತದೆ ಅನ್ನುವ ಆ ಸೂಟಿನವನನ್ನು ಆ ವರ್ಷ ನಮ್ಮ ಹೊಲಕ್ಕೆ ಕರೆದುಕೊಂಡು ಹೋಗಬೇಕಿತ್ತು. 2024ರಲ್ಲಿ ಧೈರ್ಯ ಮಾಡಿ "ಇವತ್ತ ಹದ ಐತೇನಪಾ?" ಅಂದೆ. ಅಪ್ಪ ತಲೆ ಅಲ್ಲಾಡಿಸಿ ಮುಂದೆ ಹೋದ.

ಕಳೆದ ಹಿಂಗಾರಿಯ ಒಂದು ಶನಿವಾರ ಸಂಜೆ. ಬದುವಿನ ಹತ್ತಿರ ಅಪ್ಪ ಬಗ್ಗಿ ಒಂದು ಹಿಡಿ ಮಣ್ಣು ತೆಗೆದ. ತಾನು ಉಂಡೆ ಕಟ್ಟಲಿಲ್ಲ. ನನ್ನ ಕೈಗೆ ಸುರುವಿದ.

"ನೋಡು, ಏನ್ ಅಂತೈತಿ?"

ಹಿಸುಕಿದೆ. ತಣ್ಣಗಿತ್ತು. ಕೈ ಬಿಟ್ಟೆ, ಮೂರು ಹೋಳಾಯಿತು. ಒಂದು ಹೋಳಿನ ಒಳಮೈ ಇನ್ನೂ ಮಿರಿಮಿರಿ ಮಿಂಚುತ್ತಿತ್ತು. ಮತ್ತೊಂದು ಹಿಡಿ, ಈ ಸಲ ಸ್ವಲ್ಪ ಆಳದಿಂದ ತೆಗೆದು ನೋಡಿದೆ.

"ನಾಡದ್ದ" ಅಂದೆ.

"ಸೋಮವಾರ ನಿಂದು ಮೀಟಿಂಗ್ ಐತಿ ಅಂದಿದ್ದಿ?"

"ಐತಿ. ಆದ್ರೂ ನಾಡದ್ದ."

ಅಪ್ಪ ಧೋತರಕ್ಕೆ ಕೈ ಒರೆಸಿಕೊಂಡು ಜೇಬಿನಿಂದ ಫೋನ್ ತೆಗೆದು ಟ್ರ್ಯಾಕ್ಟರಿನವನಿಗೆ ಹಚ್ಚಿದ. "ಏ ತಮ್ಮಾ, ನಾಳಿಗೆ ಬ್ಯಾಡ. ನಾಡದ್ದ ಬಾ. ನಮ್ಮ ಹುಡುಗ ಹೇಳ್ಯಾನ."